ಪಾರ್ಕಲ್ಲಿ ನಾನು ನಂಬದೇ ಇದ್ದವರು

“ನೀವು ಪಾರ್ಕಿಗೆ ಹೋಗಿ ಬನ್ನಿ, ನಾನೆಲ್ಲೂ ಹೋಗಲ್ಲ” ಅಂದಳು ಕಾಯಿಲೆ ಬಿದ್ದಿದ್ದ ನನ್ನ ಹೆಂಡತಿ, ಮಂಚದ ಮೇಲೆ ಮಲಗಿಕೊಂಡೇ. ನಾನು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅವಳ ಮಾತೇ ಹೀಗಾದ ಮೇಲೆ ಇನ್ನು ಯಾರನ್ನು ನಂಬೋದು?

ಸಾರಕ್ಕಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದವನು ನಾನು. ರಸ್ತೆಯಲ್ಲಿ ಮೊಳೆ ಕಂಡರೆ ಯಾರು ಹಾಕಿದರು ಅಂತ ಮೊದಲಿಂದಲೂ ಯೋಚನೆ. ಈಗ ಜಾಸ್ತಿ ಆಗಿದೆ. ಜೆ.ಪಿ. ನಗರದ ದೊಡ್ಡ ಪಾರ್ಕಿಗೆ ದಿನಾ ಒಬ್ಬನೇ ಹೋಗ್ತೀನಿ. ಜೊತೆಗೆ ಯಾರಾದರೂ ಇರಬೇಕಿತ್ತು ಅನ್ನಿಸುತ್ತೆ. ಹತ್ತಿರ ಬಂದರೆ, ಯಾಕೆ ಬಂದರು ಅನ್ನಿಸುತ್ತೆ. ಅದಕ್ಕೇ ನನಗೆ ಇಂಥವು ಆಗ್ತಾನೇ ಇರ್ತವೆ.

ಬಿಟ್ಟಿ ಟೆಸ್ಟು

ಗೇಟಿನ ಹತ್ತಿರ ಒಂದು ಹುಡುಗಿ ಟೇಬಲ್ ಹಾಕಿಕೊಂಡು ಕೂತಿದ್ದಳು.

“ಅಂಕಲ್, ಶುಗರ್ ಟೆಸ್ಟ್. ಫ್ರೀ.”

“ಯಾಕೆ ಫ್ರೀ?”

ಅವಳು ಕಣ್ಣು ಕಣ್ಣು ಬಿಟ್ಟಳು. “ಯಾರೂ ಹಾಗೆ ಕೇಳಿಲ್ಲ ಅಂಕಲ್.”

“ಮೊದಲು ನಿನ್ನ ಬೆರಳು ಚುಚ್ಚಿಕೋ. ಆಮೇಲೆ ನಂದು.”

ಪಾಪ, ಚುಚ್ಚಿಕೊಂಡಳು. ಮೆಷಿನ್ ನೋಡಿದಳು. ಇನ್ನೊಂದು ಸಲ ನೋಡಿದಳು. ಮುಖ ಇಷ್ಟೇ ಇಷ್ಟಾಯಿತು.

“ಜಿಲೇಬಿ ತಿಂದು ಬಂದಿದ್ದೆ ಅಂಕಲ್, ಅದಕ್ಕೇ...”

“ಟೇಬಲ್ ನಾನು ನೋಡ್ಕೋತೀನಿ” ಅಂದೆ. “ನೀನು ಎರಡು ರೌಂಡ್ ಹಾಕಿ ಬಾಮ್ಮ.”

ಬೆಂಚಿನ ಮೇಲಿನ ಬ್ಯಾಗು

ಇನ್ನೊಂದು ದಿನ ಹುಬ್ಬಳ್ಳಿ ಕಡೆಯ ಹುಡುಗ ಬಂದ. ಬಿಟಿಎಂ ಲೇಔಟ್‌ನಲ್ಲಿ ರೂಮು, ಆಫೀಸಿಗೆ ಪಾರ್ಕಿಂದಲೇ ಹೋಗ್ತಾನಂತೆ.

“ಅಂಕಲ್, ಬ್ಯಾಗ್ ಸ್ವಲ್ಪ ನೋಡ್ಕೊಳ್ರಿ. ಒಂದ್ ರೌಂಡ್ ಓಡಿ ಬರ್ತೀನ್ರಿ.”

ನೋಡಿಕೊಂಡೆ. ಮೂರು ಬೆಂಚು ಆಚೆ ಹೋಗಿ ಕೂತು ನೋಡಿಕೊಂಡೆ. ಸ್ವಲ್ಪ ಹೊತ್ತಿಗೆ ಬ್ಯಾಗ್ ಒಳಗಿಂದ ಕೀ ಕೀ ಅಂತ ಸದ್ದು. ಸೆಕ್ಯೂರಿಟಿಯನ್ನು ಕರೆದೆ. ಅವನು ನನಗಿಂತ ಹಿಂದೆ ನಿಂತ. ಗಿಡಕ್ಕೆ ನೀರು ಬಿಡ್ತಿದ್ದ ಮಾಲಿಯನ್ನು ಕರೆದ. ಮಾಲಿ ಒಂದು ಮಾತೂ ಕೇಳಲಿಲ್ಲ. ಪೈಪು ತಿರುಗಿಸಿ ಬ್ಯಾಗಿಗೇ ಬಿಟ್ಟ.

ಹುಡುಗ ಓಡಿ ಬಂದ. ಒಳಗಿದ್ದದ್ದು ಅಲಾರಂ ಇಟ್ಟಿದ್ದ ಫೋನು, ಊರಿಂದ ಬಂದ ಜೋಳದ ರೊಟ್ಟಿ.

“ಯಪ್ಪಾ! ರೊಟ್ಟಿ ಎಲ್ಲಾ ನೆನದು ಹೋದ್ವಲ್ರಿ!”

ಮಾಲಿ ಪೈಪು ಹಿಡಿದುಕೊಂಡೇ ಹೇಳಿದ: “ಒಳ್ಳೇದೇ ಆಯ್ತು ಬಿಡಣ್ಣ. ಅಂಕಲ್‌ಗೂ ಒಂದು ಕೊಡು, ಹಲ್ಲಿಲ್ಲ.”

ಹಿಂದೆ ಬರುವ ಮನುಷ್ಯ

ಇದು ಮೊನ್ನೆ ಮೊನ್ನೆಯದು. ಮಂಕಿ ಟೋಪಿ ಹಾಕಿದ, ನನ್ನ ವಯಸ್ಸಿನವರೊಬ್ಬರು ದಿನಾ ನನ್ನ ಹಿಂದೆ. ನಾನು ನಿಧಾನ ಮಾಡಿದರೆ ಅವರೂ ನಿಧಾನ. ನಿಂತರೆ ಅವರು ಮರ ನೋಡ್ತಾರೆ. ಎಷ್ಟು ದಿನ ಅಂತ ಮರ ನೋಡೋದು? ಒಂದು ದಿನ ಬಿದಿರು ಮೆಳೆಯ ಮರೆಯಲ್ಲಿ ಕಾದು ನಿಂತು ಹಿಡಿದೆ.

“ಯಾಕ್ರೀ ನನ್ನ ಹಿಂದೆ ಬಿದ್ದಿದೀರಾ?”

ಬೆಚ್ಚಿಬಿದ್ದರು. “ಸಾರ್, ನನಗೆ ತಲೆ ಸುತ್ತುತ್ತೆ. ಒಬ್ಬರೇ ನಡೀಬೇಡಿ ಅಂತ ಮನೇಲಿ ಹೇಳಿದಾರೆ. ನಿಮ್ಮ ಹಿಂದೆ ಬಂದರೆ ಒಬ್ಬನೇ ಅಲ್ವಲ್ಲ?”

“ಕೇಳಿ ಬರಬಹುದಿತ್ತು.”

“ನಿಮ್ಮ ಮುಖ ನೋಡಿ ಧೈರ್ಯ ಬರಲಿಲ್ಲ.”

“ಹಿಂದೆ ಎಲ್ಲೋ ನೀವು ಬಿದ್ದರೆ ನನಗೆ ಹೆಂಗ್ರೀ ಗೊತ್ತಾಗುತ್ತೆ?”

ಮಂಕಿ ಟೋಪಿ ಮೇಲೆ ಸರಿಸಿ ತಲೆ ಕೆರೆದುಕೊಂಡರು. “ಹೌದಲ್ವಾ! ಇಷ್ಟು ದಿನ ಸುಮ್ಮನೆ ಧೈರ್ಯವಾಗಿ ನಡೆದುಬಿಟ್ಟೆ.”

“ನಾಳೆಯಿಂದ ನೀವು ಮುಂದೆ ನಡೀರಿ” ಅಂದೆ.

ಮಾರನೇ ದಿನ ಬೆಳಿಗ್ಗೆ ಅವರು ಮುಂದೆ, ನಾನು ಹಿಂದೆ. ಆದರೆ ಅವರು ಮತ್ತೆ ಮತ್ತೆ ತಿರುಗಿ ನೋಡೋರು. ಹಾಗೆ ತಿರುಗುವಾಗಲೇ ಕಲ್ಲಿಗೆ ಎಡವಿ ವಾಲಿದರು. ಓಡಿಹೋಗಿ ರಟ್ಟೆ ಹಿಡಿದೆ.

“ಮುಂದೆ ನೋಡಿ ನಡೀಬಾರದೇನ್ರೀ?”

“ನೀವು ಇದೀರೋ, ಮನೆಗೆ ಹೋಗಿಬಿಟ್ಟಿರೋ ಅಂತ ಅನುಮಾನ ಬಂತು ಸಾರ್.”

ರಟ್ಟೆ ಬಿಡಲಿಲ್ಲ. ಗೇಟಿನವರೆಗೂ ಪಕ್ಕದಲ್ಲೇ ನಡೆಸಿಕೊಂಡು ಬಂದೆ, ದಾರಿಯುದ್ದಕ್ಕೂ ಬೈದುಕೊಂಡು. ಅನುಮಾನದ ಮನುಷ್ಯರನ್ನು ಕಂಡರೆ ನನಗೆ ಆಗಲ್ಲ.