ಲಕ್ವಾ ಕಾಯ್ದ ಓಣಿ

ಡಾಕ್ಟರು ಹೇಳಿದ ಮಾತನ್ನು ಗೌಸುಸಾಬ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಜೀವನವಿಡೀ ಬಸ್ಸಿನಲ್ಲಿ ಊರುಗಳ ಹೆಸರು ಕೂಗಿದ ಕಂಡಕ್ಟರನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ?

ಗಜೇಂದ್ರಗಡದ ನೇಕಾರ ಕಳಕಪ್ಪ ಮಗ್ಗದ ಮುಂದೆ ಬಾಗಿ ಬಾಗಿ ಬೆನ್ನು ಕೆಡಿಸಿಕೊಂಡು, ಹುಬ್ಬಳ್ಳಿಯಲ್ಲಿ ಬೆನ್ನುಮೂಳೆಯ ಆಪರೇಶನ್ ಮಾಡಿಸಿಕೊಂಡಿದ್ದ. ಹೆಂಡತಿ ತಿಪ್ಪವ್ವನ ಜೊತೆ ಆಸರೆಗೆ ಹೋದವನು ನೆರೆಮನೆಯ ಗೌಸುಸಾಬ. ಮನೆಗೆ ಕಳಿಸುವಾಗ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದರು.

"ಹಾರ್ಟಿನ ಸಲುವಾಗಿ ಇವರು ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರು. ಆಪರೇಶನ್ ಅಂತ ನಿಲ್ಲಿಸೀವಿ. ಇನ್ನೂ ಸ್ವಲ್ಪ ದಿನ ಲಕ್ವಾ ಹೊಡಿಯೋ ಭಯ ಇರ್ತದ. ನಕ್ಕಾಗ ಬಾಯಿ ವಾರಿ ಆದ್ರ, ಎತ್ತಿದ ಕೈ ಕೆಳಗ ಬಿದ್ರ, ಮಾತು ತೊದಲಿದ್ರ, ತಡಾ ಮಾಡದ ದವಾಖಾನಿಗೆ ತರ್ರಿ."

ಮರುದಿನ ಬೆಳಕು ಹರಿಯುವುದರೊಳಗೆ ಓಣಿಗೆ ಓಣಿಯೇ ಡಾಕ್ಟರಾಗಿತ್ತು.

ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಬಾಳೆಹಣ್ಣು ಕೊಟ್ಟು, "ಎಲ್ಲಾ ದೇವರ ಇಚ್ಛಾ" ಎಂದು ನಿಟ್ಟುಸಿರು ಬಿಟ್ಟು, ಚಹಾ ಕುಡಿದು ಏಳುವುದು. ಈ ಸಲ ಬಂದವರಿಗೆ ಕೈತುಂಬ ಕೆಲಸವೂ ಸಿಕ್ಕಿತು.

"ಕಳಕಪ್ಪಣ್ಣ, ಒಂದೀಟು ನಗು ನೋಡೂಣು" ಎಂದ ಗೌಸುಸಾಬ.

ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಮೂಟೆಯಂತೆ ಬಿದ್ದಿದ್ದ ಕಳಕಪ್ಪ ನಕ್ಕ. ಎಡಗಡೆಯ ಹಲ್ಲು ಯಾವತ್ತೋ ಉದುರಿದ್ದರಿಂದ ನಗೆ ಒಂದು ಕಡೆ ಜಗ್ಗಿತು. ಕೂಡಲೇ ಚರ್ಚೆ ಎದ್ದಿತು. ಈ ವಾರೆ ಹೊಸದೋ ಹಳೆಯದೋ? ಗೋಡೆಯ ಮೇಲಿನ ಮದುವೆಯ ಫೋಟೋ ಇಳಿಸಿ ನೋಡಿದರು. ಅದರಲ್ಲಿ ಗಂಡು ಹೆಣ್ಣು ಇಬ್ಬರೂ ನಕ್ಕಿರಲಿಲ್ಲ. ಪ್ರಯೋಜನವಾಗಲಿಲ್ಲ.

ಆಮೇಲೆ ಬಂದವರು ಎರಡೂ ಕೈ ಎತ್ತಿಸಿದರು. ಅವರ ಹಿಂದೆ ಬಂದವರೂ ಎತ್ತಿಸಿದರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾಗಿದ್ದ ಪ್ರಭುಲಿಂಗಪ್ಪನವರು ಮಾತು ಪರೀಕ್ಷಿಸಲು ಹದಿಮೂರರ ಮಗ್ಗಿ ಹೇಳಿಸಿದರು. ಕಳಕಪ್ಪ ಮೂರನೆಯ ಸಾಲಿಗೇ ಮುಗ್ಗರಿಸಿದ.

"ಸಣ್ಣಾಂವಿದ್ದಾಗೂ ಬರ್ತಿದ್ದಿಲ್ರೀ ಮಾಸ್ತರ" ಎಂದು ಕೈ ಮುಗಿದ.

"ಅದು ಬ್ಯಾರೆ ಮಾತು. ಈಗ ಬರವಲ್ದು ಅನ್ನೂದು ಮುಖ್ಯ."

ಬಂದವರಿಗೆಲ್ಲ ಚಹಾ ಮಾಡುತ್ತಿದ್ದವಳು ತಿಪ್ಪವ್ವ. ಆಸ್ಪತ್ರೆಯ ನೆಲದ ಮೇಲೆ ವಾರಗಟ್ಟಲೆ ನಿದ್ದೆಗೆಟ್ಟವಳು, ಮನೆಗೆ ಬಂದರೂ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈಯಿಂದ ಕಪ್ಪು ಜಾರಿ ಒಡೆಯಿತು. "ಹೋಗ್ಲಿ ಬಿಡ್ರೀ ಅಕ್ಕಾರ, ಪೀಡಾ ಹೋತು" ಎಂದಳು ಗೌಸುಸಾಬನ ಹೆಂಡತಿ ಕಾಶೀಂಬಿ. ಮುಂದಿನ ಚಹಾಕ್ಕೆ ಸಕ್ಕರೆಯೇ ಇರಲಿಲ್ಲ. ಪ್ರಭುಲಿಂಗಪ್ಪನವರು ಮುಖ ಸಿಂಡರಿಸಿದರೇ ಹೊರತು ಮಾಡಿದವಳ ಮುಖ ನೋಡಲಿಲ್ಲ.

ಎಲ್ಲರೂ ಕಟ್ಟೆಗೆ ಹೋದ ಹೊತ್ತಿನಲ್ಲಿ ಆಕೆ ಗಂಡನಿಗೆ ರೊಟ್ಟಿ ತಂದಳು. ತಟ್ಟೆ ಎಡಗೈಯಲ್ಲಿತ್ತು. ಬಲಗಾಲು ನೆಲಕ್ಕೆ ಎಳೆಯುತ್ತಿತ್ತು. "ಉಣ್ರಿ" ಎಂದದ್ದು ಬಾಯಲ್ಲಿ ಅನ್ನ ತುಂಬಿಕೊಂಡು ಆಡಿದಂತೆ ಕೇಳಿಸಿತು.

ಬೆಳಗಿನಿಂದ ಪರೀಕ್ಷೆ ಕೊಟ್ಟು ಕೊಟ್ಟು ಪಾಠ ಕಳಕಪ್ಪನಿಗೆ ಬಾಯಿಪಾಠವಾಗಿತ್ತು.

"ಇಲ್ಲಿ ಬಾ. ಸ್ವಲ್ಪ ನಗು."

ಸಂಸಾರ ಮಾಡಿದಷ್ಟು ದಿನದಲ್ಲಿ ಅವನು ಹೆಂಡತಿಗೆ ಹಾಗೆ ಕೇಳಿದ್ದು ಅದೇ ಮೊದಲು. ತಿಪ್ಪವ್ವನಿಗೆ ನಾಚಿಕೆಯಾಯಿತು. ನಕ್ಕಳು. ಅರ್ಧ ಮುಖ ಮಾತ್ರ ನಕ್ಕಿತು.

"ಗೌಸೂ, ಲಕ್ವಾ ಹೊಡೀತೋ, ಲಗೂ ಬಾ" ಎಂದು ಕಳಕಪ್ಪ ಒದರಿದ.

ಕಟ್ಟೆಯ ಮೇಲಿದ್ದವರೆಲ್ಲ ಒಳನುಗ್ಗಿದರು. ಅದೇ ಓಣಿಯ ಡ್ರೈವರ್ ಅಯಾಜನ ಗೂಡ್ಸ್ ಗಾಡಿ ಬಾಗಿಲಿಗೇ ಬಂತು. ಬೆನ್ನು ಅಲುಗಬಾರದೆಂದು ಕಳಕಪ್ಪನನ್ನು ಹೊರಸಿನ ಸಮೇತ ಎತ್ತಿದರು.

"ನನಗಲ್ಲೋ, ಆ... ಆಕಿಗೆ! ಆಕಿನ್ನ ನೋಡ್ರೋ!"

"ಕೇಳಿದ್ರಿಲ್ಲ, ತೊದಲಾಕತ್ತಾನ" ಎಂದರು ಪ್ರಭುಲಿಂಗಪ್ಪನವರು. "ತಲಿಗೆ ಏರಿದ್ರ ಹಿಂಗ ಬಡಬಡಸ್ತಾರ. ಲಕ್ಷ್ಯ ಕೊಡಬ್ಯಾಡ್ರಿ."

"ಆಕಿನ್ನೂ ಹತ್ತಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅಕ್ಕಾರು ಅಲ್ಲಿ ಬಂದೇನ ಮಾಡ್ತಾರ? ಅತ್ತು ಕರದು ಗದ್ಲಾ ಮಾಡ್ತಾರ ಅಷ್ಟ" ಎಂದ ಗೌಸುಸಾಬ. "ನಾ ಇದ್ದೀನಲ್ಲ."

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಓಣಿಯಲ್ಲಿ ಕಳಕಪ್ಪನಿಗೆ ಕೇಡು ಬಯಸಿದವರು ಒಬ್ಬರೂ ಇರಲಿಲ್ಲ. ಅದೇ ದೊಡ್ಡ ಸಂಕಟ. ತಿಪ್ಪವ್ವ ಬಾಗಿಲ ಚೌಕಟ್ಟಿಗೆ ಒರಗಿ ಎಡಗೈ ಎತ್ತಿದಳು. ಹೋಗಿ ಬರ್ರಿ ಅನ್ನುತ್ತಿದ್ದಾಳೆಂದು ಎಲ್ಲರೂ ತಿಳಿದರು.

ಕಳಕಪ್ಪ ನರೇಗಲ್ ದಾಟುವವರೆಗೂ ಕೂಗಿದ. ಆಮೇಲೆ ಗಂಟಲು ಬಿದ್ದುಹೋಯಿತು. "ಮಾತು ಪೂರಾ ನಿಂತ್ವು, ಹೊಡಿ ಅಯಾಜ, ಜೋರ ಹೊಡಿ" ಎಂದು ಗೌಸುಸಾಬ ಗಾಡಿಯ ತಗಡು ಬಡಿದ.

ಗದಗಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಕಳಕಪ್ಪನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇವರಿಗೇನೂ ಆಗಿಲ್ಲ" ಎಂದಳು. ಕಳಕಪ್ಪ ಆಕೆಯ ಕೋಟಿನ ತುದಿ ಹಿಡಿದು ಜಗ್ಗಿದ. ಬಿದ್ದ ಗಂಟಲಲ್ಲೇ ಎಲ್ಲ ಹೇಳಿದ. ಕೈ, ಕಾಲು, ಮಾತು, ಅರ್ಧ ನಗೆ. ಆ ದಿನ ಅವನ ಮಾತನ್ನು ಕೊನೆಯವರೆಗೂ ಕೇಳಿದವಳು ಆಕೆ ಒಬ್ಬಳೇ.

"ಯಾವಾಗ ಸುರು ಆತು?"

"ಮಧ್ಯಾಹ್ನ ಕಪ್ಪು ಒಡದಾಗಿಂದ ಇರಬೇಕ್ರಿ."

ಡಾಕ್ಟರು ತಿಪ್ಪವ್ವನನ್ನು ಕರೆತರಲು ಅಂಬುಲೆನ್ಸಿಗೆ ಹೇಳಿ ಕಳಿಸಿ ಗಡಿಯಾರ ನೋಡಿದಳು. ಗೌಸುಸಾಬನ ಕಡೆ ತಿರುಗಿದಳು.

"ಇದಕ್ಕ ಒಂದು ಇಂಜೆಕ್ಷನ್ ಐತಿ, ಸುರು ಆದ ನಾಕೂವರಿ ತಾಸಿನೊಳಗ ಕೊಡಬೇಕು. ಮೊನ್ನಿ ಬೆನ್ನ ಆಪರೇಶನ್ ಆದ ಇವರಿಗೆ ಅದನ್ನ ಕೊಡಾಕ ಬರ್ತಿದ್ದಿಲ್ಲ. ಇವರ ಹೆಂಡ್ತಿಗೆ ಕೊಡಬಹುದಿತ್ತು. ನೀವು ಇವರನ್ನ ತಂದ ಗಾಡ್ಯಾಗ ಅವರೂ ಬಂದಿದ್ರ ವ್ಯಾಳ್ಯಾಕ್ಕ ಸರಿ ಆಗತಿತ್ತು. ಇನ್ನ ಅವರು ಬಂದು ಮುಟ್ಟೂದ್ರಾಗ ಹೊತ್ತು ಮೀರ್ತದ."

ಕಳಕಪ್ಪ ಮುಖವನ್ನು ಗೋಡೆಗೆ ತಿರುಗಿಸಿ ಅಳತೊಡಗಿದ.

ಗಾಡಿಯಲ್ಲಿ ಹೊರಸಿನ ಪಕ್ಕ ತಿಪ್ಪವ್ವ ಕೂಡುವಷ್ಟು ಜಾಗ ಇತ್ತು. ದಾರಿಯುದ್ದಕ್ಕೂ ಅಲ್ಲಿ ಪ್ರಭುಲಿಂಗಪ್ಪನವರು ಕುಳಿತಿದ್ದರು.