ಸೌಂಡ್ ಸರಿ ಮಾಡಿದವಳ ಸಂಭಾವನೆ

ಸಾಗರದಲ್ಲಿ ಕೂತು ಊರೂರಿನವರ ಹಾಡಿಗೆ ಸೌಂಡ್ ಸರಿ ಮಾಡಿಕೊಡುವುದು ನನ್ನ ಕಸುಬು. ಹಾಡುವವರು ಒಂದೂರಲ್ಲಿ, ಕೊಳಲಿನವರು ಇನ್ನೊಂದೂರಲ್ಲಿ. ತಮ್ಮ ತಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿ ಫೋನಿನಲ್ಲಿ ಕಳಿಸುತ್ತಾರೆ. ನಾನು ಅವರ ಮನೆಯ ನಾಯಿ, ಕುಕ್ಕರು, ಪಕ್ಕದ ಮನೆಯ ಜಗಳ ಎಲ್ಲವನ್ನೂ ತೆಗೆದು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಹಾಡಿದ ಹಾಗೆ ಮಾಡಿ ವಾಪಸ್ ಕಳಿಸುತ್ತೇನೆ. ಇಲ್ಲಿಯವರೆಗೆ ಎಲ್ಲ ಸಲೀಸು. ಇದಕ್ಕೆ ನನಗೆ ಏನು ಕೊಡಬೇಕು ಎಂಬ ಮಾತು ಬಂದಾಗ ಮಾತ್ರ ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ.

ಮಿಕ್ಸಿಂಗ್

ಬಾಡಿಗೆ ಕಡಿಮೆ ಅಂತ ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದೆ. ಗಿರಣಿ ನಿಂತಾಗ ನನ್ನ ಕೆಲಸ ಶುರು. ಕರೆಂಟು ಹೋದರೆ ಇಬ್ಬರಿಗೂ ರಜೆ. ಬಾಗಿಲಿಗೆ ‘ಮಿಕ್ಸಿಂಗ್ ಮಾಡಿಕೊಡಲಾಗುವುದು’ ಅಂತ ದೊಡ್ಡ ಬೋರ್ಡು ಹಾಕಿದ್ದೆ.

ಗಿರಣಿಗೆ ಅಕ್ಕಿ ತಂದಿದ್ದ ಹೆಂಗಸೊಬ್ಬರು ಒಂದು ದಿನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಚೀಲದಿಂದ ಚಟ್ನಿ ಮಿಕ್ಸಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಇದು ತಿರುಗ್ತಾ ಇಲ್ಲ ಮಾರಾಯ್ತಿ. ಹೆಂಗಸರೇ ರಿಪೇರಿ ಮಾಡ್ತಾರೆ ಅಂತ ನೋಡಿ ಖುಷಿ ಆಯ್ತು.”

“ಅಮ್ಮಾ, ಇದು ಆ ಮಿಕ್ಸಿಂಗ್ ಅಲ್ಲ, ಹಾಡಿನದು” ಅಂದೆ.

“ಹಾಡಿಗೆ ಎಂತಕ್ಕೆ ಮಿಕ್ಸಿ?” ಅಂದರು.

ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಮಿಕ್ಸಿ ಬಿಚ್ಚುವುದೇ ಸುಲಭ ಅನ್ನಿಸಿತು. ಒಳಗೆ ಒಂದು ವೈರು ಬಿಟ್ಟುಕೊಂಡಿತ್ತು, ಬೆಸುಗೆ ಹಾಕಿದೆ. ಮಿಕ್ಸಿ ಗರ್ರ್ ಅಂದಿದ್ದೇ ತಡ, ಅವರು ಸೊಂಟದ ಸಂಚಿ ಬಿಚ್ಚಿ ದುಡ್ಡು ಎಣಿಸಿ ಕೈಗಿಟ್ಟು ಹೋದರು. ಮಿಕ್ಸಿಂಗ್ ಮಾಡಿ ನಾನು ಕಂಡ ಮೊದಲ ಸಂಪಾದನೆ ಅದೇ.

ಹೆಸರು

ಆಮೇಲೆ ಒಂದು ತಂಡ ಸಿಕ್ಕಿತು. ಅದರ ಮುಖ್ಯಸ್ಥರು ಹೊಸನಗರದ ಒಬ್ಬ ಮೇಷ್ಟ್ರು. ಟ್ಯೂನ್ ಹಾಕುವವರೂ ಅವರೇ. ಹಾಡು ಮುಗಿದ ಮೇಲೆ ವಿಡಿಯೋ ಕಾಲ್‌ನಲ್ಲಿ ಪಾಲು ಹಂಚಿಕೆ ನಡೆಯಿತು. ಟ್ಯೂನಿಗೆ ಇಷ್ಟು, ಹಾಡಿದವರಿಗೆ ಇಷ್ಟು, ಬರೆದವರಿಗೆ ಇಷ್ಟು ಅಂತ ನೂರು ಪರ್ಸೆಂಟೂ ಖಾಲಿಯಾದ ಮೇಲೆ ಮೇಷ್ಟ್ರಿಗೆ ನನ್ನ ಮುಖ ಕಂಡಿತು.

“ಮೇಡಂ, ನಿಮಗೆ ಹೆಸರು ಹಾಕ್ತೀವಿ. ದುಡ್ಡು ಇವತ್ತು ಬರತ್ತೆ, ನಾಳೆ ಹೋಗತ್ತೆ. ಹೆಸರು ಶಾಶ್ವತ” ಅಂದರು.

ಹಾಡು ಬಿಡುಗಡೆಯಾದ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿದೆ. ಕೊನೆಯಲ್ಲಿ ಹೆಸರುಗಳು ಬಂದವು. ಗಾಯಕಿ, ಕವಿ, ಕೊಳಲು, ಮೇಷ್ಟ್ರಿಗೆ ಕೂತು ಟ್ಯೂನ್ ಹಾಕಲು ಜಾಗ ಕೊಟ್ಟ ಅವರ ಭಾವ. ಕಟ್ಟಕಡೆಗೆ ‘ಮತ್ತು ಇತರರು’.

ನನ್ನ ಗಂಡ ವಿಡಿಯೋ ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿ, ಕೇಳಿದರು: “ನೀನು ‘ಮತ್ತು’ನಾ, ‘ಇತರರು’ನಾ?”

ಪಾಲು

ನಾನು ಸಿಟ್ಟಾದೆ. ಹೆಸರು ಬೇಡ, ಪಾಲೇ ಬೇಕು ಅಂತ ಹಟ ಹಿಡಿದೆ. ಮೇಷ್ಟ್ರು ಮುಂದಿನ ಹಾಡಿಗೆ ಒಪ್ಪಿದರು.

ಆ ಹಾಡು ಚೆನ್ನಾಗಿಯೇ ಓಡಿತು. ದುಡ್ಡು ಬರುವ ಹೊತ್ತಿಗೆ ಸರಿಯಾಗಿ ನನ್ನ ಫೋನು ನೀರಿಗೆ ಬಿದ್ದು ಕೆಟ್ಟು ಕೂತಿತ್ತು. ‘ಕೆಳಗಿನ ಗಿರಣಿಯವರ ನಂಬರಿಗೆ ಹಾಕಿ, ಅವರ ಹತ್ರ ಇಸ್ಕೊಳ್ತೀನಿ’ ಅಂತ ಗಂಡನ ಫೋನಿನಿಂದ ಹೇಳಿದೆ. ಗಿರಣಿಯವರ ಹತ್ತಿರ, ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿ ಇದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಗಿರಣಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾಗ ಡಬ್ಬಿ ಸ್ಪಷ್ಟವಾಗಿ ಕೂಗಿತು: “ಮೂರು ರೂಪಾಯಿ ಸ್ವೀಕರಿಸಲಾಗಿದೆ.”

ಗಿರಣಿಯವರು ಮೆಷಿನ್ ನಿಲ್ಲಿಸಿದರು. “ಯಾರ್ರೀ ಅದು, ಮೂರು ರೂಪಾಯಿಗೆ ಹಿಟ್ಟು ಮಾಡಿಸ್ಕೊಂಡು ಹೋಗ್ತಿರೋದು?” ಅಂತ ಸಾಲಿನವರನ್ನೆಲ್ಲ ತರಾಟೆಗೆ ತೆಗೆದುಕೊಂಡರು. ಮೆಟ್ಟಿಲ ಮೇಲೆ ನಿಂತಿದ್ದ ನಾನು ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಮೂರು ರೂಪಾಯಿ ಇವತ್ತಿಗೂ ಗಿರಣಿಯವರ ಹತ್ತಿರವೇ ಇದೆ.

ಅದೇ ಸೆಟ್ಟಿಂಗು

ತಂಡ ಬಿಟ್ಟೆ. ಒಬ್ಬೊಬ್ಬರದೇ ಹಾಡು, ಹಾಡಿಗಿಷ್ಟು ಅಂತ ರೇಟು ಮಾಡಿದೆ. ಮೊದಲು ಬಂದವರು ತೀರ್ಥಹಳ್ಳಿಯ ಒಬ್ಬ ಬಟ್ಟೆ ಅಂಗಡಿ ಮಾಲೀಕರು. ಭಕ್ತಿಗೀತೆ ಹಾಡಿ ಕಳಿಸಿದ್ದರು. ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಶ್ರುತಿ ಮಾತ್ರ ಆಗುಂಬೆ ಘಾಟಿಯ ಬಸ್ಸಿನ ಹಾಗೆ ಒಂದೊಂದು ತಿರುವಿನಲ್ಲೂ ಅತ್ತಿತ್ತ ವಾಲುತ್ತಿತ್ತು. ಕೂತು ಒಂದೊಂದೇ ಸ್ವರವನ್ನು ಕಂಪ್ಯೂಟರಿನಲ್ಲಿ ಎಳೆದು ಅದರದರ ಜಾಗಕ್ಕೆ ಕೂರಿಸಿ ಕಳಿಸಿದೆ.

ಕೇಳಿ ಅವರೇ ಫೋನ್ ಮಾಡಿದರು. “ನನ್ನ ಸ್ವರ ಇಷ್ಟು ಚಂದ ಅಂತ ನನಗೇ ಗೊತ್ತಿರಲಿಲ್ಲ ನೋಡಿ. ಇದರಲ್ಲಿ ನೀವು ಮಾಡೋದಕ್ಕೆ ಎಂತ ಇತ್ತು? ದುಡ್ಡು ಎಂತಕ್ಕೆ?”

ಚೆನ್ನಾಗಿ ಮಾಡಿದ ತಪ್ಪಿಗೆ ಆ ದುಡ್ಡಿನ ಆಸೆ ಬಿಟ್ಟೆ.

ಆ ಹಾಡು ಕೇಳಿದ ಯಾರೋ ಹೊಸನಗರದ ಒಂದು ಮದುವೆಗೆ ಅವರನ್ನು ಹಾಡಲು ಕರೆದರು. ಪುಣ್ಯಕ್ಕೋ ಪಾಪಕ್ಕೋ, ಸೌಂಡ್ ನೋಡಿಕೊಳ್ಳಲು ಹುಡುಗಿ ಮನೆಯವರು ಕರೆದದ್ದು ನನ್ನನ್ನೇ.

ಮಾಲೀಕರು ಜರಿಶಾಲು ಹೊದ್ದು ವೇದಿಕೆ ಹತ್ತಿದರು. ಕಂಪ್ಯೂಟರಿನಿಂದ ವಾದ್ಯದ ಟ್ರ್ಯಾಕ್ ಹಾಕಿದೆ. ಅವರು ಬಾಯಿ ತೆಗೆದರು. ಎರಡನೇ ಸಾಲಿಗೆ ಪುರೋಹಿತರು ಮಂತ್ರ ತಪ್ಪಿದರು. ಮದುಮಗಳ ಅಜ್ಜ ಕೋಲೂರಿಕೊಂಡು ನೇರ ನನ್ನ ಹತ್ತಿರ ಬಂದು, ನೋಟು ಕೈಗಿಟ್ಟು, ಮೆಲ್ಲಗೆ ಹೇಳಿದರು: “ತಂಗೀ, ನಿನಗೆ ಪುಣ್ಯ ಬರತ್ತೆ. ಆ ಮೈಕು ಆರ್ಸು. ಅವರಿಗೆ ಬೇಜಾರಾಗದ ಹಾಗೆ ಆರ್ಸು.”

ವೇದಿಕೆಯಲ್ಲಿ ಹಾಡುವವರ ಕಡೆ ಮುಖ ಮಾಡಿದ ಸಣ್ಣ ಸ್ಪೀಕರೊಂದು ಇರುತ್ತದೆ, ಅವರ ಸ್ವರ ಅವರಿಗೆ ಕೇಳಲಿ ಅಂತ. ಅದನ್ನು ಜೋರು ಮಾಡಿದೆ. ಸಭೆಯ ಕಡೆಯ ಸ್ಪೀಕರಿನಲ್ಲಿ ಅವರ ಸ್ವರವನ್ನು ಪೂರ್ತಿ ತೆಗೆದು, ಬರೀ ವಾದ್ಯ ಬಿಟ್ಟೆ. ಮಾಲೀಕರು ಕಣ್ಣು ಮುಚ್ಚಿ, ಕೈ ಎತ್ತಿ, ಮೈಮರೆತು ಹಾಡಿದರು. ಸಭೆಗೆ ಕೇಳಿಸಿದ್ದು ಹಿತವಾದ ಕೊಳಲು, ತಬಲ. ಜನ ನೆಮ್ಮದಿಯಿಂದ ಅಕ್ಷತೆ ಹಾಕಿ, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು.

ಕೆಳಗಿಳಿದವರೇ ಮಾಲೀಕರು ನನ್ನ ಕಡೆ ಬಂದರು. ಗೊತ್ತಾಗಿಹೋಯಿತು ಅಂದುಕೊಂಡು ಬೇಗ ಬೇಗ ವೈರು ಸುತ್ತತೊಡಗಿದೆ. ಅವರು ಜೇಬಿಗೆ ಕೈ ಹಾಕಿ ಹಳೇ ಹಾಡಿನ ದುಡ್ಡು ಪೂರ್ತಿ ತೆಗೆದು ಕೊಟ್ಟರು.

“ಸೌಂಡ್ ನೋಡೋರು ಒಳ್ಳೆಯವರಿದ್ರೆ ಎಷ್ಟು ವ್ಯತ್ಯಾಸ ಅಂತ ಇವತ್ತು ಗೊತ್ತಾಯ್ತು ಮೇಡಂ. ಮುಂದಿನ ವಾರ ತೀರ್ಥಹಳ್ಳಿಯಲ್ಲಿ ಇನ್ನೊಂದು ಮದುವೆ ಇದೆ, ನೀವೇ ಬರಬೇಕು. ಇದೇ ಸೆಟ್ಟಿಂಗು ಇರಲಿ. ಒಂದು ಚೂರೂ ಬದಲಾಯಿಸಬೇಡಿ.”