ಕಿಟಕಿ ಪಕ್ಕದ ಮೇಜು

ಹಲ್ಲಿ ತನ್ನ ಹೊಸ ಹಳದಿ ಕೋಟಿಗೆ ಕೊನೆಯ ಗುಂಡಿ ಹೊಲಿಯುತ್ತಿದ್ದ. ತುಟಿ ಬಿಗಿದುಕೊಂಡಿದ್ದ. ಎದುರಿಗೆ ಕೈಕಟ್ಟಿ ಕುಳಿತ ಹೆಂಡತಿ, ಹಾಲು ಉಕ್ಕೀತೆಂದು ಪಾತ್ರೆ ಕಾಯುವವಳ ಹಾಗೆ ಅವನ ಬಾಯನ್ನೇ ನೋಡುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚಿತು. ಕಣ್ಣಲ್ಲಿ ನೀರು ಬಂತು, ನಾಲಗೆ ಅಂಗುಳಿಗೆ ಅಂಟಿತು, ಆದರೂ ಸದ್ದು ಹೊರಡಲಿಲ್ಲ. ದಾರ ಕಡಿದು ಕೋಟು ಒದರಿದ ಮೇಲೆಯೇ ಹೆಂಡತಿ ಉಸಿರು ಬಿಟ್ಟದ್ದು.

“ಭೇಷ್! ಸಂಜೆ ತನಕ ಹೀಗೇ ಇದ್ಬಿಡಿ, ಸಾಕು. ಒಂದೇ ಒಂದು ಸಲ ಲೊಚಗುಟ್ಟಿದ್ರೂ ಕಿಟಕಿ ಹೋಯ್ತು ಅಂತ ತಿಳ್ಕೊಳ್ಳಿ.”

ಹಲ್ಲಿ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ; ರೇನ್‌ಕೋಟ್ ಕಾರ್ಖಾನೆಯವರು ಇಟ್ಟದ್ದು. ಅಲ್ಲಿ ಅವನು ಬಟ್ಟೆ ಕತ್ತರಿಸುವವ. ದಾರ ತುಂಡಾದರೆ ಲೊಚ್ ಲೊಚ್. ಚಹಾ ಆರಿದರೆ ಲೊಚ್ ಲೊಚ್. ಯಾರಿಗಾದರೂ ಸಂಬಳ ಹೆಚ್ಚಾಯಿತೆಂದರೂ, ಪಾಪ ಇನ್ನು ಕೆಲಸವೂ ಹೆಚ್ಚಾದೀತೆಂದು ಲೊಚ್ ಲೊಚ್. ಹೃದಯ ಬೆಣ್ಣೆ, ನಾಲಗೆ ಹಲ್ಲಿ.

ಯಜಮಾನಮ್ಮನಿಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. “ನಾನಿನ್ನೂ ಬದುಕಿರುವಾಗ್ಲೇ ಯಾರೋ ಮರುಗ್ತಾ ಇರೋ ಹಾಗಿರುತ್ತೆ” ಎಂದು ಅವರು ಅವನ ಮೇಜನ್ನು ದೊಡ್ಡ ಇಸ್ತ್ರಿ ಯಂತ್ರದ ಪಕ್ಕಕ್ಕೆ ಹಾಕಿಸಿದ್ದರು. ಯಂತ್ರದ ಬುಸ್ಸೆನ್ನುವ ಹಬೆಯಲ್ಲಿ ಲೊಚಗುಟ್ಟುವಿಕೆ ಮುಳುಗಿಹೋಯಿತು. ಹಲ್ಲಿ ಮಾತ್ರ ಗೆಣಸಿನ ಹಾಗೆ ಬೇಯತೊಡಗಿದ. ಈಗ ಮುದಿ ಕತ್ತರಿಗಾರರು ಕೆಲಸ ಬಿಟ್ಟು ಮಗಳ ಮನೆ ಸೇರಿದ್ದರಿಂದ ಕಿಟಕಿ ಪಕ್ಕದ ಮೇಜು ಖಾಲಿ ಬಿದ್ದಿತ್ತು. ಅಲ್ಲಿ ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಎದುರಿನ ಮರದಲ್ಲಿ ಅಳಿಲು ಓಡುತ್ತದೆ. ಮೇಸ್ತ್ರಿಯ ಕಣ್ಣೂ ಅದರ ಮೇಲಿತ್ತು. ನಾಳೆ ಯಜಮಾನಮ್ಮನ ತೀರ್ಮಾನ. ಇವತ್ತು ಕಾರ್ಖಾನೆಯವರೆಲ್ಲ ಸರಕಾರಿ ಕಾಡಿನ ಪಾರ್ಕಿಗೆ ಹೊರಟಿದ್ದರು. ಕೇಳುವುದಿದ್ದರೆ ಇವತ್ತೇ ಕೇಳಬೇಕು.

ಪಾರ್ಕಿನ ಬಾಗಿಲಲ್ಲಿ ಮೂರು ಹಾದಿಗಳ ಫಲಕವಿತ್ತು: ನಡೆಯುವವರು, ಸೈಕಲ್ಲಿನವರು, ಕುದುರೆಯವರು. ಬಾಣದ ಗುರುತು ಮೂರಕ್ಕೂ ಒಂದೇ ಕಡೆ. ಮುಂದೆ ಹೋಗಿ ಬೇರೆಯಾಗುತ್ತವಂತೆ.

ಮೇಸ್ತ್ರಿ ಬಾಡಿಗೆ ಸೈಕಲ್ ಹತ್ತಿ ಎದೆಯುಬ್ಬಿಸಿಕೊಂಡು ಮುಂದೆ ಹೋದ. ಯಜಮಾನಮ್ಮನನ್ನು ನಾಲ್ಕು ಜನ ಸೇರಿ, ಅಲಮಾರು ಮಹಡಿಗೆ ಏರಿಸುವಂತೆ, ಒಂದು ಬಿಳಿ ಕುದುರೆಯ ಮೇಲೆ ಏರಿಸಿದರು. ಅವರ ನೆರಳಿನಂತಿದ್ದ ಗುಂಡಿ ಅಕ್ಕ ಕಂದು ಕುದುರೆ ಹತ್ತಿದಳು. ಕಾರ್ಖಾನೆಯ ಗುಂಡಿಗಳನ್ನೆಲ್ಲ ಹೊಲಿಯುವವಳು ಅವಳೇ. ಎಲ್ಲರ ಗುಟ್ಟುಗಳನ್ನೆಲ್ಲ ಬಿಚ್ಚುವವಳೂ ಅವಳೇ. ಉಳಿದವರು ಬಾಗಿಲ ಹತ್ತಿರವೇ ಚಾಪೆ ಹಾಸಿ ಉರುಳಿದರು.

“ಅಯ್ಯೋ, ನನ್ನ ಕೈಚೀಲ ಬಸ್ಸಲ್ಲೇ ಉಳೀತಲ್ಲ!” ಎಂದರು ಯಜಮಾನಮ್ಮ.

“ನಾನು ತರ್ತೀನಿ, ನೀವು ಸುಮ್ನೆ ಕೂತಿರಿ” ಎಂದ ಲಗಾಮು ಹಿಡಿದಿದ್ದ ಕುದುರೆಯವ. “ನಾನು ಹೇಳೋ ತನಕ ಇವು ಒಂದು ಹೆಜ್ಜೆ ಇಡಲ್ಲ. ಇವತ್ತಿನ ತನಕ ಓಡಿದ ಚರಿತ್ರೆನೇ ಇಲ್ಲ.”

ಇದೇ ಸಮಯವೆಂದು ಹಲ್ಲಿ ಬಿಳಿ ಕುದುರೆಯ ಮುಂದೆ ಬಂದು ನಿಂತ. ಹೆಂಡತಿ ಕಲಿಸಿಕೊಟ್ಟ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡ.

“ಅಮ್ಮಾವ್ರೇ, ಒಂದು ಮಾತು ಕೇಳ್ಬೇಕಿತ್ತು. ಆ ಕಿಟಕಿ...”

ಪಕ್ಕದ ಮುಳ್ಳುಗಿಡ ಹೊಸ ಕೋಟಿನ ತೋಳನ್ನು ಹಿಡಿದೆಳೆಯಿತು. ಪರ್ ಎಂದು ಹರಿಯಿತು. ನಿನ್ನೆ ಹಗಲಿಡೀ ಕತ್ತರಿಸಿ, ಇವತ್ತು ಬೆಳಗ್ಗೆ ಗುಂಡಿ ಹೊಲಿದ ಕೋಟು! ಹಲ್ಲಿಗೆ ತಡೆಯಲಾಗಲಿಲ್ಲ. ಆದಷ್ಟು ಮೆಲ್ಲಗೆ, ಗಂಟಲೊಳಗೇ, ಲೊಚ್ ಎಂದ.

ಬಿಳಿ ಕುದುರೆ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಬಾಲ ನೋಡಿ ಕಂದು ಕುದುರೆಯೂ ಹೊರಟಿತು.

“ಏಯ್, ಏಯ್, ಇದು ನಡೀತಾ ಇದೆ!” ಎಂದರು ಯಜಮಾನಮ್ಮ.

ಹಲ್ಲಿ ಹಿಂದೆ ಹಿಂದೆ ಸರಿದ. ಕುದುರೆ ಮುಂದೆ ಮುಂದೆ ಬಂತು. ಅಷ್ಟು ಹತ್ತಿರದಿಂದ ಅದರ ಹಲ್ಲು ನೋಡಿ ಅವನ ಜೀವ ಬಾಯಿಗೆ ಬಂತು. ಬಾಯಿಗೆ ಬಂದದ್ದು ಜೀವ ಮಾತ್ರವಲ್ಲ, ಲೊಚ್ ಲೊಚ್ ಕೂಡ ಬಂತು. ಕುದುರೆ ಬಿರುಸಾಯಿತು. ಹಲ್ಲಿ ತಿರುಗಿ ಓಟ ಕಿತ್ತ.

“ಕೋಟು ಕಣೋ, ನಿನ್ನ ಕೋಟು!” ಗುಂಡಿ ಅಕ್ಕ ಹಿಂದಿನಿಂದ ಕಿರುಚಿದಳು. “ಹಳದಿ ನೋಡಿ ಕೆರಳಿವೆ! ಬಿಚ್ಚೋ ಅದನ್ನ!”

“ಹೊಸ ಗುಂಡಿ, ಅಕ್ಕಾ, ಬಿಗಿಯಾಗಿದೆ!”

“ಯಾರು ಹೇಳಿದ್ರು ಅಷ್ಟು ಬಿಗಿಯಾಗಿ ಹೊಲಿ ಅಂತ? ನನ್ನ ಹತ್ರ ಕೊಟ್ಟಿದ್ರೆ ಇಷ್ಟೊತ್ತಿಗೆ ತಾನೇ ಕಿತ್ತು ಬಂದಿರ್ತಿತ್ತು!”

ಹಾದಿಯ ಎರಡೂ ಕಡೆ ಮರ, ಪೊದೆ. ಪಕ್ಕಕ್ಕೆ ನುಸುಳಲು ಜಾಗವಿಲ್ಲ. ಹಲ್ಲಿ ಓಡುತ್ತ ಒಂದೊಂದೇ ಗುಂಡಿ ಬಿಚ್ಚುತ್ತ, ಒಂದೊಂದು ಗುಂಡಿಗೂ ತನ್ನ ಹಣೆಬರಹ ನೆನೆದು ಲೊಚಗುಟ್ಟುತ್ತ ಹೋದ. ಹಿಂದಿನ ಗೊರಸಿನ ಸದ್ದು ಟಕ್ ಟಕ್ ಇದ್ದದ್ದು ಟಕಟಕ ಆಯಿತು. ಯಜಮಾನಮ್ಮ “ಅಯ್ಯಯ್ಯಯ್ಯೋ” ಎನ್ನುತ್ತಿದ್ದದ್ದು ಕುದುರೆಯ ಕುಲುಕಾಟಕ್ಕೆ ತುಂಡು ತುಂಡಾಗಿ ಕೇಳಿಸುತ್ತಿತ್ತು.

ತಿರುವಿನಲ್ಲಿ ಮೇಸ್ತ್ರಿ ಸೈಕಲ್ ನಿಲ್ಲಿಸಿಕೊಂಡು, ಒಂದು ಕಾಲು ಕಲ್ಲಿನ ಮೇಲಿಟ್ಟು, ಕಾಡೆಲ್ಲ ತನ್ನದೇ ಎಂಬಂತೆ ನೋಡುತ್ತಿದ್ದ. ಹಲ್ಲಿ ಕೋಟನ್ನು ಅವನ ತಲೆಯ ಮೇಲೆ ಎಸೆದು, ಸೈಕಲ್ ಕಿತ್ತುಕೊಂಡು ಹಾರಿ ಕೂತ.

“ಮೇಸ್ತ್ರಿ, ಕ್ಷಮಿಸಿ! ಕೋಟು ನಿಮಗೇ ಇರ್ಲಿ!”

ಕೋಟಿನೊಳಗೆ ಮುಖ ಸಿಕ್ಕಿಕೊಂಡ ಮೇಸ್ತ್ರಿ “ಯಾರೋ ದೀಪ ಆರಿಸಿದ್ದು?” ಎಂದು ಕೈಯಾಡಿಸುತ್ತ ಪೊದೆಗೆ ಬಿದ್ದ. ಹಲ್ಲಿ ಪೆಡಲು ತುಳಿಯುತ್ತ ನಿಟ್ಟುಸಿರು ಬಿಟ್ಟ. ಪಾಪ, ಮೇಸ್ತ್ರಿಯ ಗತಿ ಏನೋ ಎಂದು ಅವನ ಬೆಣ್ಣೆ ಹೃದಯ ಕರಗಿತು. ಲೊಚ್ ಲೊಚ್ ಲೊಚ್.

ಕುದುರೆಗಳು ಹಳದಿ ಕೋಟಿನ ಕಡೆ ಕಣ್ಣೆತ್ತಿಯೂ ನೋಡದೆ ಸೈಕಲ್ಲಿನ ಹಿಂದೆ ನಾಗಾಲೋಟ ಹಿಡಿದವು.

ಮುಂದೆ ಇಳಿಜಾರು. ಇಳಿಜಾರಿನ ತುದಿಯಲ್ಲಿ ಕೆರೆ. ಸೈಕಲ್ಲಿಗೆ ಬ್ರೇಕು ಇತ್ತು, ಆದರೆ ಮುಂದಿನ ಚಕ್ರಕ್ಕೆ ಮಾತ್ರ. ಅದನ್ನು ಒತ್ತಿದ್ದೇ ತಡ ಚಕ್ರ ದಡದಲ್ಲಿ ನಿಂತಿತು, ಹಲ್ಲಿ ನಿಲ್ಲಲಿಲ್ಲ. ಕಪ್ಪೆಯಂತೆ ಹಾರಿ ಮೊಣಕಾಲುದ್ದದ ನೀರಿಗೆ ಬಾಯಿ ತೆರೆದೇ ಬಿದ್ದ. ಬಾಯ್ತುಂಬ ಕೆಸರು ತುಂಬಿತು. ಸದ್ದು ನಿಂತಿತು. ಕುದುರೆಗಳೂ ನಿಂತವು, ಏನೂ ಆಗಿಯೇ ಇಲ್ಲವೆಂಬಂತೆ ಬಗ್ಗಿ ನೀರು ಕುಡಿಯತೊಡಗಿದವು.

ಕುದುರೆಯವ ಕೈಚೀಲ ಹಿಡಿದು ಏದುಸಿರು ಬಿಡುತ್ತ ಬಂದ. ಹಿಂದೆಯೇ ಕೋಟು ಹೊದ್ದ ಮೇಸ್ತ್ರಿ.

“ಯಾರ್ರೀ ಅದು ಲೊಚಗುಟ್ಟಿದ್ದು?” ಎಂದ ಕುದುರೆಯವ.

ಗುಂಡಿ ಅಕ್ಕ ಉತ್ಸಾಹದಿಂದ ಬೆರಳು ತೋರಿಸಿದಳು. “ಇವನೇ! ದಾರಿಯುದ್ದಕ್ಕೂ!”

“ನನ್ನ ಕುದುರೆಗೆ ಚಾಟಿ ಇಲ್ಲ, ನಾಲಗೆ ಅಷ್ಟೇ. ಒಂದ್ಸಲ ಲೊಚ್ ಅಂದ್ರೆ ನಡಿ, ಎರಡ್ಸಲ ಅಂದ್ರೆ ಬೇಗ ನಡಿ. ಈ ಪುಣ್ಯಾತ್ಮ ಅಷ್ಟು ಸಲ ಅಂದ್ರೆ ಅವೇನು ಮಾಡ್ತಾವೆ?”

“ಮತ್ತೆ ಹಳದಿ ಕೋಟು?” ಎಂದ ಮೇಸ್ತ್ರಿ.

“ಕೋಟು ನೋಡೋಕೆ ಅವೇನು ಬಟ್ಟೆ ಅಂಗಡಿಗೆ ಬಂದಿದ್ವಾ?”

ಎಲ್ಲರೂ ಯಜಮಾನಮ್ಮನ ಕಡೆ ತಿರುಗಿದರು. ಅವರ ಮುಖ ಕೆಂಪಗಾಗಿತ್ತು, ಕೂದಲು ಬಿಚ್ಚಿಹೋಗಿತ್ತು, ಕನ್ನಡಕ ಒಂದೇ ಕಿವಿಗೆ ನೇತಾಡುತ್ತಿತ್ತು. ಹಲ್ಲಿ ನೀರಿನಲ್ಲೇ ಕೂತು ಕಣ್ಣು ಮುಚ್ಚಿದ. ಕಿಟಕಿ ಹೋಯಿತು, ಬಹುಶಃ ಕತ್ತರಿಯೂ ಹೋಯಿತು.

ಯಜಮಾನಮ್ಮ ಕಿಸಕ್ಕನೆ ನಕ್ಕರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಚಿಕ್ಕವಳಿದ್ದಾಗ ನಮ್ಮಪ್ಪ ಒಂದ್ಸಲ ಹೀಗೆ ಓಡಿಸಿದ್ರು ಕಣೋ. ಆಮೇಲೆ ಇವತ್ತೇ! ನೀವೆಲ್ಲ ನನ್ನನ್ನ ಗಾಜಿನ ಲೋಟ ಎತ್ತಿಟ್ಟ ಹಾಗೆ ಎತ್ತಿಡ್ತೀರಿ. ಇವನೊಬ್ಬ ಕುಣಿಸಿದ. ಹೇಳು, ಏನು ಬೇಕು?”

ಹಲ್ಲಿ ಕೆಸರು ಉಗುಳಿದ. “ಕಿಟಕಿ ಪಕ್ಕದ ಮೇಜು ಅಮ್ಮಾವ್ರೇ.”

“ಇಷ್ಟೇನಾ? ಕೊಟ್ಟೆ ಹೋಗು!”

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನ ಮುಖವಾಯಿತು. ಹಲ್ಲಿಯ ಕಿವಿಗೆ ತಂಗಾಳಿ ಸೋಕಿತು, ಕಣ್ಮುಂದೆ ಅಳಿಲು ಓಡಿತು. ಸಂತೋಷಕ್ಕೋ ಚಳಿಗೋ, ಅವನಿಗೆ ಭರ್ಜರಿ ಸೀನು ಬಂತು.

“ಎಲ್ಲಿ, ಹೋಗ್ತಾ ಇನ್ನೊಂದು ಸುತ್ತು. ಲೊಚಗುಟ್ಟು ನೋಡೋಣ” ಎಂದರು ಯಜಮಾನಮ್ಮ, ಲಗಾಮು ಬಿಗಿಹಿಡಿದು.

ಹಲ್ಲಿ ಪ್ರಯತ್ನಪಟ್ಟ. ನಡುಗುವ ನಾಲಗೆಯಿಂದ ಫುಸ್ ಎಂದು ಗಾಳಿ ಮಾತ್ರ ಬಂತು. ಕುದುರೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಯಜಮಾನಮ್ಮ ಗಾಬರಿಯಾದರು.

“ಅಯ್ಯೋ, ಶೀತ ಆಯ್ತು! ಇನ್ಮೇಲೆ ಪ್ರತಿ ಭಾನುವಾರ ಇಲ್ಲಿಗೆ ಬರೋಣ ಅಂತಿದ್ದೆ, ನೀನು ಮುಂದೆ, ನಾನು ಹಿಂದೆ. ಈ ನಾಲಗೆ ಕೆಟ್ರೆ ಹೇಗೆ? ಏ ಮೇಸ್ತ್ರಿ, ಆ ಕಿಟಕಿ ಜಾಗ ನೀನೇ ಇಟ್ಕೊ. ಅಲ್ಲಿ ಬರೀ ಥಂಡಿ ಗಾಳಿ. ಇವನು ಇಸ್ತ್ರಿ ಪಕ್ಕದಲ್ಲೇ ಬೆಚ್ಚಗಿರ್ಲಿ. ಇನ್ನೂ ಸ್ವಲ್ಪ ಹತ್ರಕ್ಕೇ ಹಾಕ್ಸು.”

“ಹಾಕಿಸ್ತೀನಿ ಅಮ್ಮಾವ್ರೇ” ಎಂದ ಮೇಸ್ತ್ರಿ, ಹಲ್ಲೆಲ್ಲ ತೋರಿಸುತ್ತ.

ಹಿಂದಿರುಗುವಾಗ ಹಲ್ಲಿಯನ್ನು ಬಸ್ಸಿನ ಎಂಜಿನ್ ಪಕ್ಕದ ಬಿಸಿ ಸೀಟಿನಲ್ಲಿ, ಎರಡು ಕಂಬಳಿ ಸುತ್ತಿ, ಕೂರಿಸಿದರು. ಗುಂಡಿ ಅಕ್ಕ ಅವನ ಕತ್ತಿಗೊಂದು ಮಫ್ಲರ್ ಬಿಗಿದು, ಬಿಚ್ಚದಂತೆ ಪಿನ್ನು ಹಾಕಿದಳು. ಯಜಮಾನಮ್ಮನ ಅಪ್ಪಣೆಯಂತೆ ಗಾಜುಗಳನ್ನೆಲ್ಲ ಮುಚ್ಚಲಾಗಿತ್ತು. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಲೊಚಗುಟ್ಟೋಣವೆಂದರೆ ಅದೂ ಬರಲಿಲ್ಲ. ಮೇಸ್ತ್ರಿ ಹಳದಿ ಕೋಟನ್ನು ಮಡಚಿ ತಲೆದಿಂಬು ಮಾಡಿ, ಕಿಟಕಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ.

“ಯಾರಾದ್ರೂ ಸ್ವಲ್ಪ ಆ ಕಿಟಕಿ ತೆಗೀತೀರಾ?” ಎಂದ ಹಲ್ಲಿ.